ಟಾಕೀಸಿನಲ್ಲಿ ನಮ್ಮ ಸೋದರತ್ತೆ

ಸಿನಿಮಾ ಎಂದರೆ ಪ್ರಾಣ ಬಿಡುವ ನನ್ನ ಸೋದರತ್ತೆಗೆ ಇಲ್ಲಿಯವರೆಗೆ ಒಂದೇ ಒಂದು ಸಿನಿಮಾವೂ ಅರ್ಥವಾಗಿಲ್ಲ ಎಂಬುದು ನಮ್ಮ ಮನೆತನದ ಒಮ್ಮತದ ಅಭಿಪ್ರಾಯ. ಸಿನಿಮಾ ತೆಗೆಯುವವರಿಗೆ ಮನೆ ನಡೆಸುವುದು ಹೇಗೆಂದು ಗೊತ್ತಿಲ್ಲ ಎಂಬುದು ಅತ್ತೆಯ ಅಭಿಪ್ರಾಯ. ಎರಡರಲ್ಲಿ ಯಾವುದು ನಿಜ ಎಂದು ನನ್ನನ್ನು ಕೇಳಬೇಡಿ. ನಾನು ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಸಿನಿಮಾ ನೋಡುವವಳು. ನಿಷ್ಪಕ್ಷಪಾತವಾಗಿ ಮಾತಾಡುವ ಸ್ಥಿತಿಯಲ್ಲಿ ನಾನು ಉಳಿದಿಲ್ಲ!

ಅತ್ತೆ ನಮ್ಮಪ್ಪನ ತಂಗಿ. ಇರುವುದು ಶಹಾಬಾದದಲ್ಲಿ. ನಾನು ವಾಡಿಯ ಶಾಲೆಯೊಂದರಲ್ಲಿ ಟೀಚರು. ರವಿವಾರ ಬೆಳಿಗ್ಗೆ ನಾನಿನ್ನೂ ಚಹಾದ ಕಪ್ಪು ಕೆಳಗಿಟ್ಟಿರುವುದಿಲ್ಲ, ಫೋನು ಬಂದಿರುತ್ತದೆ.

"ಯವ್ವಾ, ಹೊಸಾ ಪಿಚ್ಚರ್ ಬಂದದ. ಊಟಕ್ಕ ಇಲ್ಲೇ ಬಾ. ಉಂಡು ಹೋಗೋಣು."

"ಯಾವ ಪಿಚ್ಚರತ್ತಿ? ಛಲೋ ಅದ ಏನು?"

"ಅದನ್ನ ನೋಡಿದ ಮ್ಯಾಲ ನಾ ಹೇಳ್ತೀನಿ, ನೀ ಬಾ."

ಭಾಷೆ ಅವಳಿಗೆ ಅಡ್ಡಿಯೇ ಅಲ್ಲ. ಹುಟ್ಟಿ ಬೆಳೆದದ್ದು ಸೇಡಂ ಕಡೆಯಾದ್ದರಿಂದ ತೆಲುಗು ಬರುತ್ತದೆ. ಶಹಾಬಾದದ ಓಣಿಯಲ್ಲಿ ಸಂಸಾರ ಮಾಡಿ ಹಿಂದಿ, ಉರ್ದು ಎರಡೂ ಕಲಿತಿದ್ದಾಳೆ. ಇಂಗ್ಲಿಷ್ ಸಿನಿಮಾಕ್ಕೂ ಒಮ್ಮೆ ನುಗ್ಗಿದ್ದಳು. ತಿಳಿಯಿತೇ ಎಂದು ಕೇಳಿದರೆ, "ಅದರಾಗ ತಿಳೀಲಾರದ್ದು ಏನದ? ಅವ್ರೂ ಅಳಬೇಕಾದ್ರ ನಮ್ಮಂಗೇ ಅಳ್ತಾರ" ಎಂದಳು.

ಹಾಲಿನ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ಅದೊಂದು ಕಣ್ಣೀರಿನ ಸಿನಿಮಾ. ನಾಯಕಿ ಅಡಿಗೆಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಹಾಲಿಟ್ಟು ಹಾಡು ಗುನುಗುತ್ತಿದ್ದಾಳೆ. ಅಷ್ಟರಲ್ಲಿ ಫೋನು. ಗಂಡನಿಗೆ ಅಪಘಾತ! ನಾಯಕಿ ಚೀರಿದಳು, ಸೆರಗು ಬಾಯಿಗೆ ಒತ್ತಿಕೊಂಡು ಮನೆಯಿಂದ ಓಡಿದಳು. ಟಾಕೀಸಿಗೆ ಟಾಕೀಸೇ ಉಸಿರು ಬಿಗಿಹಿಡಿದು ಕೂತಿತ್ತು.

"ಹಾಲು?" ಎಂದಳು ಅತ್ತೆ.

"ಯಾವ ಹಾಲತ್ತಿ?"

"ಒಲಿ ಮ್ಯಾಲ ಇಟ್ಟಾಳಲ್ಲ. ಆರಿಸಲಾರ್ದೇ ಹೋದ್ಲು."

"ಅತ್ತಿ, ಆಕಿ ಗಂಡಗ ಅಪಘಾತ ಆಗ್ಯಾದ!"

"ಆಗ್ಯಾದ, ನನಗೂ ಕೆಟ್ಟ ಅನಸ್ತದ. ಖರೆ, ಕೈ ಹಿಂಗ ತಿರುವಿದ್ರ ಒಲಿ ಆರ್ತದ. ಅದಕ್ಕೆಷ್ಟೊತ್ತು ಬೇಕು?"

ಆಸ್ಪತ್ರೆಯಲ್ಲಿ ನಾಯಕನ ತಲೆಗೆ ಶಸ್ತ್ರಚಿಕಿತ್ಸೆಯಾಯಿತು. ನೆನಪು ಹಾರಿಹೋಯಿತು. ಕಣ್ಣು ಬಿಟ್ಟವನು ಹೆಂಡತಿಯನ್ನೇ "ನೀನು ಯಾರು?" ಎಂದು ಕೇಳಿದ. ಮುಂದಿನ ಸಾಲಿನ ಹೆಂಗಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಮ್ಮತ್ತೆ ನನ್ನ ಕಿವಿಗೆ ಬಾಯಿ ಹಚ್ಚಿ, "ಇಷ್ಟೊತ್ತಿಗೆ ಹಾಲು ಉಕ್ಕಿ ಒಲಿ ಆರಿರ್ತದ. ಇನ್ ಮನೀ ತುಂಬ ಗ್ಯಾಸು" ಎಂದಳು. ಕಿವಿಗೆ ಬಾಯಿ ಹಚ್ಚಿ ಎಂದೆನಲ್ಲ, ಅದು ಸುಮ್ಮನೆ ರೂಢಿಯ ಮಾತು. ಅವಳ ಪಿಸುಮಾತು ಮೇಲೆ ಬಾಲ್ಕನಿಯವರೆಗೆ ಕೇಳುತ್ತದೆ.

ವಿರಾಮದಲ್ಲಿ ಶೇಂಗಾ ತಿನ್ನುತ್ತ ಅತ್ತೆ ಇದನ್ನೇ ಅಕ್ಕಪಕ್ಕದವರಿಗೆ ವಿವರಿಸಿದಳು. ವಿರಾಮದ ನಂತರ ನಾಯಕನನ್ನು ಚಿಕಿತ್ಸೆಗೆಂದು ಪರದೇಶಕ್ಕೆ ಒಯ್ದರು. ಅಲ್ಲಿ ಹಿಮದ ಗುಡ್ಡದ ಮೇಲೆ ಹಾಡಾಯಿತು. ಆ ಹಾಡನ್ನು ನಮ್ಮ ಸಾಲಿನಲ್ಲಿ ಒಬ್ಬರೂ ಮನಸ್ಸಿಟ್ಟು ನೋಡಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಗ್ಯಾಸಿನದೇ ಚಿಂತೆ ಹತ್ತಿತ್ತು! ಕೊನೆಗೆ ನಾಯಕನಿಗೆ ನೆನಪು ಮರಳಿತು. ಗಂಡಹೆಂಡತಿ ಕೈ ಕೈ ಹಿಡಿದು ಊರಿಗೆ ಬಂದರು. ಬಾಗಿಲು ತೆಗೆದರು. ಕತ್ತಲ ಮನೆ. ನಾಯಕ ಗೋಡೆಯ ಮೇಲಿನ ಗುಂಡಿಯ ಕಡೆ ಕೈ ಚಾಚಿದ.

"ಏ ತಮ್ಮಾ, ಲೈಟ್ ಹಚ್ಚಬ್ಯಾಡೋ!"

ಅತ್ತೆ ಎದ್ದು ನಿಂತು ಕೂಗಿದ್ದಳು. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನಮ್ಮ ಸಾಲಿನವರೆಲ್ಲ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿದ್ದೆವು. ಲೈಟು ಹತ್ತಿತು. ಏನೂ ಆಗಲಿಲ್ಲ. 'ಶುಭಂ' ಎಂದು ಬಂತು. ಅತ್ತೆ ಮಾತ್ರ ಹೊರಗೆ ಬರುವಾಗ, "ಬಾಜೂ ಮನಿಯವ್ರು ಯಾರೋ ಆರಿಸಿರಬೇಕು. ಪುಣ್ಯಾತ್ಮರು. ಅವ್ರನ್ನ ಒಮ್ಮಿನೂ ತೋರಿಸ್ಲಿಲ್ಲ ನೋಡು" ಎಂದು ತೀರ್ಪು ಕೊಟ್ಟಳು.

ಹೊಡೆದಾಟದ ಸಿನಿಮಾಗಳಲ್ಲಿ ಅವಳ ಕಣ್ಣು ನಾಯಕನ ಮೇಲೂ ಇರುವುದಿಲ್ಲ, ಖಳನ ಮೇಲೂ ಇರುವುದಿಲ್ಲ, ಸುತ್ತ ಇರುವ ಸಾಮಾನಿನ ಮೇಲಿರುತ್ತದೆ. ಒಮ್ಮೆ ನಾಯಕ ಕಾಯಿಪಲ್ಲೆಯ ಬಜಾರಿನಲ್ಲಿ ಒಬ್ಬೊಬ್ಬ ರೌಡಿಯನ್ನು ಎತ್ತಿ ಒಂದೊಂದು ಬಂಡಿಯ ಮೇಲೆ ಒಗೆಯುತ್ತಿದ್ದ. ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆಯುತ್ತಿದ್ದರು.

"ಅಯ್ಯ, ಎಳೀ ಬದನಿಕಾಯಿ!" ಎಂದು ಅತ್ತೆ ಮರುಗಿದಳು. "ಯಾರದೋ ಬಂಡಿ, ಹೇಳಲಿಲ್ಲ ಕೇಳಲಿಲ್ಲ."

"ಹೀರೋ ಇದ್ದಾನ್ರಿ ಅವ!" ಎಂದ ಹಿಂದಿನವನೊಬ್ಬ.

"ಹೀರೋ ಇದ್ರ ಬಯಲಿಗೆ ಕರಕೊಂಡು ಹೋಗಿ ಹೊಡೀಬೇಕಪ್ಪ. ಬಜಾರ್ ಯಾಕ ಬೇಕು?"

ಇದಕ್ಕೆ ನಿಮಗೇನಾದರೂ ಉತ್ತರ ಹೊಳೆಯುತ್ತದೆಯೆ?

ಇನ್ನೊಂದು ಸಿನಿಮಾ ನಮ್ಮ ಭಾಗದ ಕಥೆ, ನಮ್ಮ ಭಾಗದ ಭಾಷೆ ಎಂದು ಸಾರಿಕೊಂಡು ಬಂತು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಬೀಗರ ಮನೆಗೆ ಹೊರಟವಳಂತೆ ಹೊರಟಳು. ಸಿನಿಮಾ ಶುರುವಾಯಿತು. ತೆರೆಯ ಮೇಲಿನವರು ಪ್ರತಿ ಶಬ್ದಕ್ಕೂ ಒಂದೊಂದು 'ರೀ' ಹಚ್ಚಿ ಮಾತಾಡತೊಡಗಿದರು. ಅಪ್ಪ ಮಗನಿಗೆ ರೀ ಅಂದ, ಮಗ ಎತ್ತಿಗೆ ರೀ ಅಂದ. ಅತ್ತೆ ತಾಳ್ಮೆಯಿಂದ ಕೂತಿದ್ದಳು. ನಾಯಕ ತನ್ನ ನಾಯಿಯನ್ನು "ಬರ್ರಿ ಬರ್ರಿ" ಎಂದು ಕರೆದಾಗ ಮಾತ್ರ ತಡೆಯಲಾಗಲಿಲ್ಲ.

"ಇಷ್ಟು ಮರ್ಯಾದಿ ನಮ್ಮ ಮನ್ಯಾಗ ಅಳಿಯಗೂ ಕೊಟ್ಟಿಲ್ಲ ಯವ್ವಾ!"

ಮುಂದೆ ನಾಯಕ ಊಟಕ್ಕೆ ಕೂತ. ತಾಯಿ ರೊಟ್ಟಿ ಬಡಿಸಿದಳು. ಅವನು ಮುರಿದ. ಅತ್ತೆ ಮುಂದಕ್ಕೆ ಬಾಗಿ ಕಿವಿಗೊಟ್ಟಳು.

"ಸಪ್ಪಳ ಬರ್ಲಿಲ್ಲ. ಜೋಳದ ರೊಟ್ಟಿ ಅಲ್ಲ ಅದು, ಚಪಾತಿ!"

ಅಲ್ಲಿಗೆ ಆ ಸಿನಿಮಾದ ಮೇಲೆ ಅವಳ ನಂಬಿಕೆ ಹೋಯಿತು. ಕೊನೆಯಲ್ಲಿ ನಾಯಕ ಊರಿಗಾಗಿ ಪ್ರಾಣ ಕೊಟ್ಟಾಗಲೂ ಅವಳ ಮನಸ್ಸು ಕರಗಲಿಲ್ಲ. "ಚಪಾತಿ ತಿಂದವ ಎಲ್ಲೀತನ ಹೊಡದಾಡ್ತಾನ?" ಎಂದಳು.

ದೆವ್ವದ ಸಿನಿಮಾದಲ್ಲಂತೂ ಟಾಕೀಸಿನ ಮಹಬೂಬ ಚಾಚಾ ಮಧ್ಯೆ ಬರಬೇಕಾಯಿತು. ಚಾಚಾ ಬಾಗಿಲಲ್ಲಿ ಟಿಕೀಟು ಹರಿಯುವವರು. ಅತ್ತೆ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವಳನ್ನು ಬಲ್ಲವರು. ಆವತ್ತು ತೆರೆಯ ಮೇಲೆ ಬಿಳಿ ಸೀರೆಯ ದೆವ್ವ, ಮುಖದ ತುಂಬ ಕೂದಲು ಇಳಿಬಿಟ್ಟುಕೊಂಡು, ಕರ್ರೆಂದು ಬಾಗಿಲು ತೆಗೆದು ಮೆಲ್ಲಗೆ ಒಳಗೆ ಬಂತು. ಕಾಲೇಜಿನ ಹುಡುಗಿಯರು ಒಬ್ಬರನ್ನೊಬ್ಬರು ಅವಚಿಕೊಂಡರು. ನಾನೂ ಅತ್ತೆಯ ತೋಳು ಹಿಡಿದೆ.

"ಪಾಪ, ಕೂದಲ ನೋಡು ಹ್ಯಾಂಗ ಆಗ್ಯಾವ" ಎಂದಳು ಅತ್ತೆ. "ಎಣ್ಣಿ ಕಂಡು ಎಷ್ಟು ದಿನ ಆತೋ. ಹಿಂದ ಮುಂದ ಯಾರೂ ಇಲ್ಲ ಕಾಣಸ್ತದ ಇಕಿಗಿ."

ಎಲ್ಲೋ ಒಬ್ಬರು ಕಿಸಕ್ಕೆಂದರು. ಆಮೇಲೆ ಆ ದೆವ್ವ ಬಂದಾಗಲೆಲ್ಲ ಜನ ನಗತೊಡಗಿದರು. "ಬಂದ್ಲು ಬಂದ್ಲು, ಎಣ್ಣಿ ಕೊಡ್ರಿ ಆಕಿಗಿ!" ಎಂದು ಬಾಲ್ಕನಿಯಿಂದ ಯಾರೋ ಕೂಗಿದರು. ಚಾಚಾ ಟಾರ್ಚು ಹಿಡಿದು ನಮ್ಮ ಹತ್ತಿರ ಬಂದು ಬಗ್ಗಿದರು.

"ಅಕ್ಕಾರ, ಜರಾ ಸುಧಾರಿಸ್ಕೊಳ್ರಿ. ನೀವು ಹಿಂಗಂದ್ರ ಜನ ಅಂಜೂದಿಲ್ರಿ."

"ನಾ ಏನಂದೆ ಭಾಯಿ? ಇದ್ದದ್ದು ಅಂದೆ."

"ಅದೇರಿ ಅಕ್ಕಾರ, ಇದ್ದದ್ದು ಅನ್ನಬ್ಯಾಡ್ರಿ!"

ಇಷ್ಟೆಲ್ಲ ಆದರೂ ಮಾವ ಮಾತ್ರ ಒಮ್ಮೆಯೂ ಟಾಕೀಸಿಗೆ ಬಂದವನಲ್ಲ. ಅವನದು ನೆಲಕ್ಕೆ ಹಾಸುವ ಫರ್ಸಿಕಲ್ಲಿನ ವ್ಯಾಪಾರ. ಭಂಕೂರದ ಕಲ್ಲಿನ ಖಣಿಯಲ್ಲಿ ನಿಂತು ಅವನು ಮಾತಿಗೆ ಶುರುವಿಟ್ಟರೆ ಲಾರಿಯವರು ಎಂಜಿನ್ ಬಂದ್ ಮಾಡಿ ಕೇಳುತ್ತಿದ್ದರಂತೆ. ಅಂಥವನಿಗೆ ಮೂರು ತಾಸು ಇನ್ನೊಬ್ಬರ ಮಾತು ಕೇಳುತ್ತ ಕೂರುವುದು ಶಿಕ್ಷೆಯೇ ಸರಿ. ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಅತ್ತೆ ಸಿನಿಮಾದ ಕಥೆ ಹೇಳುತ್ತಿದ್ದಳು, ಮಾವ ಕಲ್ಲಿನ ಕಥೆ ಹೇಳುತ್ತಿದ್ದ. ಯಾರು ಯಾರದನ್ನು ಕೇಳುತ್ತಿದ್ದರೋ ದೇವರಿಗೇ ಗೊತ್ತು. ಆದರೆ ಇಬ್ಬರೂ ಭಾಳ ಖುಷಿಯಾಗಿದ್ದರು.

ಹೋದ ವರ್ಷ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು. ಬಾಯಿಯೂ ನಿಂತಿತು. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಮೆಲ್ಲಗೆ ತಿರುಗಿ ಬಂತು, ಕೋಲು ಹಿಡಿದು ಅಂಗಳದವರೆಗೆ ನಡೆಯತೊಡಗಿದ. ಮಾತು ಮಾತ್ರ ಬರಲಿಲ್ಲ. ಎಲ್ಲ ತಿಳಿಯುತ್ತಿತ್ತು, ಕಣ್ಣಲ್ಲಿ ಕಾಣುತ್ತಿತ್ತು, ತುಟಿಗೆ ಬರುತ್ತಿರಲಿಲ್ಲ. ವಿಚಿತ್ರವೆಂದರೆ ಅವನ ಜೊತೆ ಅತ್ತೆಯ ಮಾತೂ ನಿಂತುಬಿಟ್ಟಿತು. ನಾನು ಹೋದರೆ ಚಹಾ ಕೊಡುವಳು, ರೊಟ್ಟಿ ಬಡಿಸುವಳು, ಸುಮ್ಮನೆ ಕೂರುವಳು. ಆ ಮನೆಯಲ್ಲಿ ಗಡಿಯಾರದ ಸಪ್ಪಳವನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರು ಹೇಳಿದರು, "ಅವರ ಎದುರಿಗೆ ಮಾತು ನಿಲ್ಲಿಸಬೇಡ್ರಿ ಅಮ್ಮಾ. ಎಷ್ಟು ಮಾತಾಡ್ತೀರಿ ಅಷ್ಟು ಚಲೋ." ಅತ್ತೆ ತಲೆಯಾಡಿಸಿದಳು. ಮರಳಿ ಬರುವಾಗ ದಾರಿಯುದ್ದಕ್ಕೂ ಏನೋ ಯೋಚಿಸಿ, ಮನೆ ಬಂದ ಮೇಲೆ ನನಗೆ ಹೇಳಿದಳು.

"ಬರೂ ರವಿವಾರ ಅವ್ರನ್ನ ಪಿಚ್ಚರಿಗೆ ಕರಕೊಂಡು ಹೋಗ್ತೀನಿ."

"ಅತ್ತಿ, ಈ ಸ್ಥಿತಿಯಾಗ?"

"ಮನ್ಯಾಗ ಒಬ್ಬಾಕಿ ಏನಂತ ಮಾತಾಡ್ಲಿ ಯವ್ವಾ? ಪಲ್ಯ ಏನ್ ಮಾಡ್ಲಿ ಅಂತ ಕೇಳ್ತೀನಿ, ಉತ್ರ ಇಲ್ಲ. ಎದಿ ಒಡದಂಗ ಆಗ್ತದ. ಅಲ್ಲಿ ಕುಂತ್ರ ಮಾತು ತಾನೇ ಬರ್ತಾವ. ಉತ್ರ ಕೊಡಾಕೇನು, ತೆರಿ ಮ್ಯಾಲಿನವ್ರು ಇದ್ದೇ ಇರ್ತಾರ."

ಹಾಗೆ ಶುರುವಾಯಿತು. ರವಿವಾರದ ಮ್ಯಾಟಿನಿಗೆ ಮಹಬೂಬ ಚಾಚಾ ನಡುವಿನ ದಾರಿಯ ಪಕ್ಕದ, ಕಾಲು ಚಾಚಲು ಜಾಗವಿರುವ ಕುರ್ಚಿಗಳನ್ನು ಕಾದಿರಿಸುತ್ತಿದ್ದರು. ಅತ್ತೆ ಮಾವನ ಎಡಗಡೆ ಕೂರುವಳು. ಸಿನಿಮಾ ಶುರುವಾದ ಕ್ಷಣದಿಂದ ಅವಳ ಮಾತೂ ಶುರು. ಮೊದಲಿನ ಹಾಗೆ ಪಿಸುಮಾತೂ ಅಲ್ಲ, ಪೂರ್ತಿ ದನಿಯಲ್ಲಿ. "ನೋಡ್ರಿ, ಆ ಕಟ್ಟಿ ಮ್ಯಾಲ ಹಾಸಿದ್ದು ನಮ್ಮ ಫರ್ಸಿಕಲ್ಲೇ. ಜೋಡಣಿ ಸರಿ ಇಲ್ಲ, ಹೌದಿಲ್ರಿ?" "ಈ ಪೊಲೀಸ ಸುಳ್ಳು ಹೇಳ್ಲಿಕತ್ಯಾನ, ಮೀಸಿ ನೋಡಿದ್ರ ಗೊತ್ತಾಗ್ತದ." ಮಾವ ನೆಟ್ಟ ನೋಟದಿಂದ ತೆರೆಯನ್ನೇ ನೋಡುತ್ತಿದ್ದ. ಜನ ಗೊಣಗುತ್ತಿದ್ದರು. ಚಾಚಾ ಅವರ ಬಳಿ ಹೋಗಿ ಏನೋ ಹೇಳುತ್ತಿದ್ದರು. ಜನ ಸುಮ್ಮನಾಗುತ್ತಿದ್ದರು. ಹಲವು ವಾರ ಹೀಗೇ ಹೋಯಿತು. ಮಾವನ ತುಟಿ ಅಲುಗಲಿಲ್ಲ. ಅತ್ತೆಯೂ ಬಿಡಲಿಲ್ಲ.

ಮೊನ್ನೆ ಯುಗಾದಿಯ ಮುಂದಿನ ರವಿವಾರ ನಾನೂ ಜೊತೆಗಿದ್ದೆ. ತೆರೆಯ ಮೇಲೆ ಒಬ್ಬ ಅಪ್ಪ ದೂರದ ಊರಿಗೆ ಹೋಗುವ ಮಗಳನ್ನು ರೈಲು ಹತ್ತಿಸಲು ಬಂದಿದ್ದ. ಇಬ್ಬರ ನಡುವೆ ಏನೋ ಮುನಿಸು. ಮಗಳು ಕಿಟಕಿಯೊಳಗೆ, ಅಪ್ಪ ಕೆಳಗೆ. ಇಬ್ಬರೂ ಮಾತಾಡಲಾರದೆ ನಿಂತಿದ್ದಾರೆ.

"ಅಲ್ರೀ, ನೋಡ್ರಿ, ಮಗಳಿಗಿ ಒಂದು ರೊಟ್ಟಿ ಗಂಟು ಕಟ್ಟಿ ಕೊಟ್ಟಿಲ್ಲ" ಎಂದು ಅತ್ತೆ ಶುರು ಮಾಡಿದಳು. "ನೀರಿನ ಬಾಟ್ಲಿನೂ ಇಲ್ಲ. ಮ್ಯಾಲಿಂದ ಸೆಕಿ. ಅಪ್ಪ ಅನ್ನಿಸ್ಕೊಂಡವ ರೊಟ್ಟಿಗಿ ಹಚ್ಕೊಳ್ಳಾಕ ಒಂದಿಷ್ಟು ಶೇಂಗಾ ಹಿಂಡಿ ಆದ್ರೂ..."

"ಸುಮ್..."

ಮಾವ ಕೆಮ್ಮಿದ ಎಂದುಕೊಂಡು ಅತ್ತೆ ಚೀಲದಿಂದ ನೀರು ತೆಗೆಯತೊಡಗಿದಳು. ಮಾವನ ಎಡಗೈ ನಿಧಾನವಾಗಿ ಎದ್ದು ಅವಳ ಮಣಿಕಟ್ಟಿನ ಮೇಲೆ ಬಿತ್ತು. ಕಣ್ಣು ಇನ್ನೂ ತೆರೆಯ ಮೇಲೇ ಇತ್ತು.

"ಸುಮ್ಕಿರು."

ತೊದಲು ಮಾತು, ಒಡಕು ದನಿ. ಆದರೆ ಕಲ್ಲಿನ ಖಣಿಯ ಅದೇ ದನಿ.

ಹಿಂದಿನ ಸಾಲಿನಿಂದ ಯಾರೋ "ಶಭಾಸ್ ಮುತ್ಯಾ!" ಎಂದರು. ಮುದುಕ ಹೆಂಡತಿಯ ಬಾಯಿ ಮುಚ್ಚಿಸಿದನೆಂದು ನಾಕಾರು ಜನ ನಕ್ಕರು, ಚಪ್ಪಾಳೆಯೂ ಬಿತ್ತು. ಅವರಿಗೇನು ಗೊತ್ತು, ಪಾಪ! ಬಾಗಿಲ ಹತ್ತಿರ ನಿಂತಿದ್ದ ಮಹಬೂಬ ಚಾಚಾಗೆ ಮಾತ್ರ ಗೊತ್ತಾಯಿತು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಅತ್ತೆ ಸುಮ್ಮನಾದಳು. ಸೆರಗು ಬಾಯಿಗೆ ಒತ್ತಿಕೊಂಡು, ಸಿನಿಮಾ ಮುಗಿಯುವವರೆಗೆ ಒಂದು ಶಬ್ದವನ್ನೂ ಆಡದೆ ಕೂತಳು. ಆ ಮಗಳು ಮುನಿಸು ಬಿಟ್ಟಳೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆಗೂ ಗೊತ್ತಿಲ್ಲ. ಅವಳು ತೆರೆಯ ಕಡೆ ನೋಡುತ್ತಲೇ ಇರಲಿಲ್ಲ, ಮಾವನ ಮುಖ ನೋಡುತ್ತಿದ್ದಳು. ನಾನು ಅವರಿಬ್ಬರನ್ನು ನೋಡುತ್ತಿದ್ದೆ.

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆಟೋದವನು ಮಾವನನ್ನು ಹಿಡಿದು ಹತ್ತಿಸಿದ. ಅತ್ತೆ ಪಕ್ಕದಲ್ಲಿ ಕೂತಳು. ಇನ್ನೂ ಮಾತಿಲ್ಲ.

"ಅತ್ತಿ, ಈಗರೆ ಏನರೆ ಮಾತಾಡು" ಎಂದೆ.

ಅವಳು ಬೇಡವೆಂದು ತಲೆಯಾಡಿಸಿ ಮಾವನ ಶಲ್ಯ ಸರಿ ಮಾಡಿದಳು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿದಳು. ಈ ಸಲದ್ದು ನಿಜವಾದ ಪಿಸುಮಾತು.

"ನಾ ಸುಮ್ನೇ ಕುಂತೀನ್ರಿ. ನೀವು ಬೈರಿ. ಇನ್ನೊಮ್ಮಿ ಬೈರಿ."

ಮಾವ ಅವಳ ಕಡೆ ತಿರುಗಿದ. ತುಟಿ ನಡುಗಿತು, ಗದ್ದ ಅಲುಗಿತು, ಎಲ್ಲಿಂದಲೋ ಎಳೆದು ತಂದಂತೆ ಮಾತು ಬಂತು.

"ಹು...ಹುಚ್ಚಿ."

"ಹೂಂನ್ರಿ" ಎಂದಳು ಅತ್ತೆ, ನಗುತ್ತ, ಅಳುತ್ತ. "ಹೂಂನ್ರಿ."