ಅತ್ತೆಯ ಧ್ರುವಯಾತ್ರೆ

ಧ್ರುವ ಪ್ರದೇಶಕ್ಕೆ ಹೋಗುವ ಹುಚ್ಚು ನನ್ನದಲ್ಲ, ದಯವಿಟ್ಟು ನಂಬಿ. ಬಚ್ಚಲಲ್ಲಿ ಒಂದು ಚೊಂಬು ತಣ್ಣೀರು ಮೈಮೇಲೆ ಬಿದ್ದರೆ ಬೀದಿ ಮಂದಿಯೆಲ್ಲ ಓಡಿಬರುವಂತೆ ಕಿರುಚುವವಳು ನಾನು. ಹುಚ್ಚು ನಮ್ಮವರದು. ಫ್ರಿಜ್ ರಿಪೇರಿ ಅವರ ಕಸುಬು. ಊರವರ ಫ್ರಿಜ್ಜುಗಳೊಳಗೆ ತಲೆ ತೂರಿಸಿಯೇ ಆಯುಷ್ಯ ಕಳೆದರು (ನನ್ನ ಮಾತು ಕಿವಿಗೆ ಬೀಳದಿರಲೆಂದೇ ಈ ಕಸುಬು ಹಿಡಿದರೆಂದು ನನ್ನ ಗುಮಾನಿ). “ಮಿಷನ್ ಮಾಡದ ಮಂಜುಗಡ್ಡೆ ಒಂದ್ಸಲ ನೋಡ್ಬೇಕು ಕಣೇ. ಕರೆಂಟ್ ಹೋದ್ರೂ ಕರಗಬಾರದು, ಅಂಥದ್ದು” ಎನ್ನುತ್ತಿದ್ದರು. ಕೊನೆಗೆ ಅಲ್ಲಿಗೆ ಹೋಗುವ ಸಣ್ಣ ಹಡಗೊಂದರಲ್ಲಿ ನಮ್ಮಿಬ್ಬರಿಗೂ ಜಾಗ ಕಾದಿರಿಸಿಯೇ ಬಿಟ್ಟರು.

ಆಮೇಲೆ ಒಂದು ಬೆಳಿಗ್ಗೆ, ಯಾರದೋ ಅಡುಗೆಮನೆಯಲ್ಲಿ, ಬಿಚ್ಚಿಟ್ಟ ಫ್ರಿಜ್ಜಿನ ಮುಂದೆ, ಕೂತವರು ಕೂತಂತೆಯೇ ಹೋಗಿಬಿಟ್ಟರು. ಆ ಮನೆಯವರು ಇವರ ಸ್ಕ್ರೂಡ್ರೈವರನ್ನು ತೊಳೆದು ಒರೆಸಿ ತಂದುಕೊಟ್ಟರು. ಯಾಕೆ ತೊಳೆದರೋ.

ಇನ್ನು ಹಡಗಿನ ಮಾತೆಲ್ಲಿ ಎಂದುಕೊಂಡೆ. ಆದರೆ ಮನೆಯಲ್ಲಿ ಅತ್ತೆ ಇದ್ದರಲ್ಲ!

“ಅವನ ಜಾಗದಲ್ಲಿ ನಾನು ಬರ್ತೀನಿ” ಎಂದರು.

“ಅತ್ತೆ, ಅದೇನು ಪಕ್ಕದ ಬೀದೀನಾ? ಅಲ್ಲಿ ಉಗುಳಿದ್ರೆ ನೆಲ ಮುಟ್ಟೋ ಮೊದ್ಲೇ ಗಟ್ಟಿಯಾಗುತ್ತಂತೆ.”

“ನಾನೇನು ಉಗುಳೋಕೆ ಹೋಗ್ತಿದೀನಾ?”

“ಮತ್ತೆ ನಿಮ್ಮ ಮಂಡಿ?”

“ಮಂಡಿ ನಂದು, ನೋವು ನಂದು. ನಿನಗೇನು ಬಾಡಿಗೆಗೆ ಕೊಟ್ಟಿದೀನಾ?”

ನಮ್ಮಿಬ್ಬರ ನಡುವಿನ ಶೀತಲ ಸಮರ ನಾನು ಆ ಮನೆಗೆ ಕಾಲಿಟ್ಟಂದಿನಿಂದ ನಡೆದೇ ಇತ್ತು. ಆದರೂ ನಾನು ಹಿಂಜರಿದದ್ದು ಅದಕ್ಕಲ್ಲ. ನಮ್ಮವರಿಲ್ಲದೆ ಆ ಮಂಜುಗಡ್ಡೆಯ ಮುಂದೆ ನಿಂತು, ಯಾರ ತೋಳು ಅಲುಗಿಸಿ ‘ಇಲ್ನೋಡ್ರೀ’ ಅನ್ನಲಿ? ಇದನ್ನು ಅತ್ತೆಗೆ ಹೇಳಲಾಗಲಿಲ್ಲ. ಹೊರಡುವ ದಿನ ಅವರು ಮಗನ ಕೋಟು ತೊಟ್ಟು ನಿಂತರು. ತೋಳು ಬೆರಳು ದಾಟಿ ಜೋಲುತ್ತಿತ್ತು. ನಾನು ಮಡಚಿಕೊಟ್ಟೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಂದರಿನಲ್ಲಿ ಹಡಗಿನ ಡಾಕ್ಟರಮ್ಮನ ತಪಾಸಣೆ ಇತ್ತು. ನನಗೆ ಥಟ್ಟನೆ ಒಂದು ದಿವ್ಯ ಉಪಾಯ ಹೊಳೆಯಿತು. ಅತ್ತೆಯನ್ನು ತಡೆದರೆ ನಾನೂ ಗೌರವದಿಂದ ಮನೆಗೆ ಮರಳಬಹುದು! ಮೆಲ್ಲನೆ ಹೋಗಿ ಪಿಸುಗುಟ್ಟಿದೆ. “ಡಾಕ್ಟ್ರೇ, ನಮ್ಮತ್ತೆಗೆ ಮಂಡಿ ನೋವು, ಕೆಮ್ಮು, ತಲೆಸುತ್ತು...” (ತಲೆಸುತ್ತು ನನ್ನ ಸ್ವಂತ ರಚನೆ.)

ಡಾಕ್ಟರಮ್ಮ ಅತ್ತೆಯ ಎದೆ, ಬೆನ್ನು ಪರೀಕ್ಷಿಸಿ, ಹಡಗಿನ ಮೆಟ್ಟಿಲು ಹತ್ತಿಸಿ ಇಳಿಸಿದರು. ಅತ್ತೆ ಕೆಳಗೆ ಬಂದು, “ಇನ್ನೊಂದ್ಸಲ ಹತ್ಲಾ?” ಎಂದರು.

ಆಮೇಲೆ ನನ್ನ ಸರದಿ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಗಂಟಿಕ್ಕಿ, ಮತ್ತೆ ಸುತ್ತಿದರು. “ಅಮ್ಮಾ, ಇಷ್ಟೊಂದು ಬಿಪಿ ಇಟ್ಕೊಂಡು ನೀವು ಬರೋ ಹಾಗಿಲ್ಲ. ಅಲ್ಲಿ ಏನಾದ್ರೂ ಆದ್ರೆ ಆಸ್ಪತ್ರೆಗೆಲ್ಲಿ ಹೋಗೋದು?”

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹೋಗುವುದು ಬೇಡವೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಈಗ ಡಾಕ್ಟರಮ್ಮನೇ ಬೇಡವೆಂದಾಗ, ನಮ್ಮವರು ತೀರಿಕೊಂಡ ದಿನ ಬಾರದ ಅಳುವೆಲ್ಲ ಒಟ್ಟಿಗೆ ನುಗ್ಗಿಬಂತು. ಸೂಟ್‌ಕೇಸಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

“ಹಾಗಾದ್ರೆ ನಾನೂ ಹೋಗಲ್ಲ” ಎಂದು ನಮ್ಮತ್ತೆ ಕೋಟಿನ ಗುಂಡಿ ಬಿಚ್ಚತೊಡಗಿದರು.

ಈಗ ಅವರನ್ನು ಹೊರಡಿಸುವ ಕರ್ಮವೂ ನನ್ನ ತಲೆಗೇ! “ಹೋಗಿ ಬನ್ನಿ ಅತ್ತೆ. ನೀವೂ ಹೋಗ್ದಿದ್ರೆ, ಅವರ ಪರವಾಗಿ ನೋಡೋರು ಯಾರು?”

ಅತ್ತೆ ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಗಲ್ಲ ಹಿಡಿದು, “ಇವತ್ತೇ ಡಾಕ್ಟರ ಹತ್ರ ಹೋಗಿ ಮಾತ್ರೆ ತಗೋ. ನೀನೂ ಅವನ ಹಾಗೆ ಹೇಳದೆ ಕೇಳದೆ ಎದ್ದು ಹೋಗ್ಬೇಡ ಕಣೇ” ಎಂದರು. ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಿದರು.

ಹಡಗು ಕದಲಿತು. ಅತ್ತೆ ಕಟಕಟೆಗೆ ಆತು ಕೈ ಬೀಸುತ್ತ ಏನೋ ಕೂಗಿದರು. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಮಗನನ್ನು ನೆನೆಯುತ್ತಿದ್ದಾರೆ, ನನ್ನನ್ನು ಹರಸುತ್ತಿದ್ದಾರೆ ಎಂದು ನನ್ನ ಕರುಳು ಕಿತ್ತುಬಂತು. “ಆಯ್ತು ಅತ್ತೆ! ನೀವು ಹೇಳಿದ ಹಾಗೇ ಆಗ್ಲಿ!” ಎಂದು ಕೈಮುಗಿದು ಗೊಳೋ ಎಂದೆ.

ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ, ಎಂಜಿನ್ ಸದ್ದಿಗೆ ಕಿವಿ ಪಳಗಿದ ಬಂದರಿನ ಆಳು ಮುಜುಗರದಿಂದ ಕೆಮ್ಮಿದ. “ಅಮ್ಮಾ, ಸ್ವೆಟರ್ ಒಳಮೈ ಹೊರಗೆ ಹಾಕ್ಕೊಂಡಿದೀರಂತೆ. ಅದನ್ನೇ ಕೂಗ್ತಿದಾರೆ.”

ಅಲ್ಲೇ ತೆಗೆದು, ಸರಿಮಾಡಿ, ಕಣ್ಣೀರಿನಲ್ಲೇ ಮತ್ತೆ ತೊಟ್ಟುಕೊಂಡೆ. ಹಡಗು ಕಣ್ಮರೆಯಾದ ಮೇಲೆ ನೋಡಿಕೊಂಡರೆ, ಈ ಸಲ ಹಿಂದುಮುಂದಾಗಿತ್ತು. ಹೇಳುವವರು ಯಾರೂ ಇರಲಿಲ್ಲ. ಹಾಗೆಯೇ ಮನೆಗೆ ಹೊರಟೆ.