ಡ್ರಿಲ್ ಮಾಸ್ತರರಿಗೆ ಬಂದ ಇನ್ನೂರಾ ಹತ್ತು

ಬಿ.ಪಿ. ಇನ್ನೂರಾ ಹತ್ತು ಇದೆ ಅಂತ ಡಾಕ್ಟರು ಹೇಳಿದರೆ ಮನುಷ್ಯ ಏನು ಮಾಡುತ್ತಾನೆ, ಹೇಳಿ ನೋಡೋಣ? ಅಳುತ್ತಾನೆಯೆ? ದೇವರಿಗೆ ಹರಕೆ ಹೊರುತ್ತಾನೆಯೆ? ಆಗಲಿಲ್ಲ ಬಿಡಿ, ನಾನೇ ಹೇಳುತ್ತೇನೆ. ಬಿ.ಎಸ್ಸಿ. ಓದಿ, ಹುಮನಾಬಾದಿನ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರಾಗಿ ಕೂದಲು ಬೆಳ್ಳಗಾದವನು ನಾನು. ಇಂಥವು ಅಲ್ಲಿ ವಾರಕ್ಕೊಂದಾದರೂ ಆಗುತ್ತಿದ್ದವು. ಸಾವಿನ ಬಾಗಿಲಲ್ಲಿ ನಿಂತವರು ನಗಿಸಿದಷ್ಟು ಗಟ್ಟಿಮುಟ್ಟಾದವರು ನನ್ನನ್ನು ಎಂದೂ ನಗಿಸಿಲ್ಲ.

೧. ಮೊದಲನೇ ನಂಬರು

ಬಸವಕಲ್ಯಾಣದಲ್ಲಿ ಒಬ್ಬ ಡ್ರಿಲ್ ಮಾಸ್ತರರಿದ್ದರು, ನನ್ನ ಜೀವದ ಗೆಳೆಯರು. ತಲೆನೋವು ಅಂತ ಒಂದು ದಿನ ಬಸ್ಸು ಹತ್ತಿ ಬಂದರು. ಜೊತೆಗೆ ಅವರ ಶಾಲೆಯ ಹಿಂದಿ ಮಾಸ್ತರರು. ಡಾಕ್ಟರು ಇಬ್ಬರ ತೋಳಿಗೂ ಪಟ್ಟಿ ಸುತ್ತಿ ಗಾಳಿ ತುಂಬಿದರು. ಹಿಂದಿ ಮಾಸ್ತರರದು ನೂರಾ ಇಪ್ಪತ್ತು. ನಮ್ಮವರದು ಇನ್ನೂರಾ ಹತ್ತು.

ಮಾಸ್ತರರು ಎದೆ ಉಬ್ಬಿಸಿ ಎದ್ದು ನಿಂತರು. "ನೋಡ್ರಿ! ಕುರ್ಚಿಮ್ಯಾಲ ಕುಂತು ಪಾಠ ಹೇಳವ್ರು ನೂರಾ ಇಪ್ಪತ್ತಕ್ಕ ನಿಂತಾರ. ಮೈದಾನದಾಗ ಪಳಗಿದ ಮೈ ಅಂದ್ರ ಹಿಂಗಿರ್ಬೇಕು!"

"ಮಾಸ್ತರ್, ಇದು ಹೆಚ್ಚಾದಷ್ಟು ಫೇಲು," ಅಂದರು ಡಾಕ್ಟರು. "ನಿಮ್ಮ ಅಣ್ಣ ತೀರಿಕೊಂಡ್ರಂತಲ್ಲ, ಹ್ಯಾಂಗ?"

"ಐವತ್ತಕ್ಕ ಹೋದ್ರಿ. ಮುಖ, ಕಾಲು ಎಲ್ಲಾ ಬಾತಿದ್ವು."

"ಅವರದೂ ಇಷ್ಟೇ ಇತ್ತೇನೋ."

ಮಾಸ್ತರರು ಅಂಗಿಯ ತೋಳು ಇಳಿಸಿಕೊಂಡರು. "ಅವಂದು ಯಾರೂ ಅಳೀಲಿಲ್ರಿ. ಅಳದು ನೋಡಿದ್ರ ನನಗಿಂತ ಎರಡು ಹೆಚ್ಚೇ ಬರ್ತಿತ್ತು. ಅಂವ ಎಲ್ಲಾದ್ರಾಗೂ ನನಗಿಂತ ಮುಂದ."

೨. ಕಾಯಿಸಬ್ಯಾಡ್ರಿ

ಗುಳಿಗೆ ಶುರುವಾಯಿತು, ಉಪ್ಪು ಬಂದ್ ಆಯಿತು. ಎರಡು ವರ್ಷವಾದರೂ ಬಿ.ಪಿ. ಮಾತ್ರ ಇಳಿಯಲೊಲ್ಲದು. ಕಾಲು ಬಾತವು, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಉಪ್ಪು ತಿಂದವ ನೀರು ಕುಡೀಬೇಕು ಅಂತಾರೆ. ಇವರಿಗೆ ಡಾಕ್ಟರು ನೀರನ್ನೂ ಲೋಟದ ಲೆಕ್ಕದಲ್ಲಿ ಕಟ್ಟಿದರು.

ಮೂತ್ರ ತಪಾಸಣೆ ನನ್ನ ಕೆಲಸ. ಗಾಜಿನ ನಳಿಗೆಯಲ್ಲಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ಮೂತ್ರಪಿಂಡ ಸೋರುತ್ತಿದ್ದರೆ ಬೆಳ್ಳಗೆ ಗಟ್ಟಿಯಾಗುತ್ತದೆ. ಮಾಸ್ತರರದು ತತ್ತಿಯ ಬಿಳಿಯ ಹಾಗೆ ಹೆಪ್ಪುಗಟ್ಟಿತು. ನಳಿಗೆಯನ್ನು ದೀಪದಿಂದ ಇಳಿಸಿದೆ.

ಪಕ್ಕದಲ್ಲೇ ನಿಂತು ನೋಡುತ್ತಿದ್ದ ಮಾಸ್ತರರು ನನ್ನ ಹೆಗಲ ಮೇಲೆ ಕೈ ಇಟ್ಟು ಅಂದರು: "ತಪ್ಪು ನಿಮ್ಮದು ಕಂಪೌಂಡರ್ ಸಾಹೇಬ್ರ. ಕಾಯಿಸಿದ್ರ ಹಾಲೂ ಒಡೀತದ. ಇನ್ನೊಮ್ಮೆ ತಣ್ಣಗಿದ್ದಾಗ ನೋಡ್ರಿ!"

೩. ಸೀಟಿ

ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು ತಿಳಿಸಿ ಹೇಳಿದರು. "ಮೂತ್ರಪಿಂಡ ಒಂದು ರಸ ಬಿಡ್ತದ. ಅದರಿಂದ ರಕ್ತದಾಗ ಆಂಜಿಯೊಟೆನ್ಸಿನ್ ಅಂಬೋದು ತಯಾರಾಗ್ತದ. ಅದನ್ನ ಹಿಡಕೊಳ್ಳೋ ಜಾಗ ರಕ್ತನಾಳದ ಗೋಡಿಮ್ಯಾಲ ಅವ, ರಿಸೆಪ್ಟರ್ ಅಂತಾರ. ಅಲ್ಲಿ ಹೋಗಿ ಅಂಟಿತೋ, ನಾಳ ಬಿಗೀತಾವ, ಬಿ.ಪಿ. ಏರ್ತದ. ಮೂತ್ರಪಿಂಡಕ್ಕೂ ಅದರದೇ ಪೆಟ್ಟು. ಹಿಂಗೇ ನಡದ್ರ ಸಂಕ್ರಾಂತಿ ಹೊತ್ತಿಗೆ ನಿಮಗ ರಕ್ತ ತೊಳಿಯೋ ಮಶೀನು ಬೇಕಾಗ್ತದ. ಅದು ಈ ಕಡೆ ಎಲ್ಲೂ ಇಲ್ಲ."

ಅಷ್ಟು ಹೊತ್ತೂ ಕಣ್ಣು ಮುಚ್ಚಿ ಕೇಳಿದ ಮಾಸ್ತರರು ತೊಡೆ ತಟ್ಟಿದರು. "ತಿಳೀತ್ರಿ! ಮೂತ್ರಪಿಂಡ ಸೀಟಿ ಊದ್ತದ. ಆ ರಿಸೆಪ್ಟರ್ ಅಂಬೋದು ನಾಳದ ಕಿವಿ. ಸೀಟಿ ಕೇಳಿದ ಕೂಡ್ಲೆ ಎಲ್ಲಾ ನಾಳ ಸಾವಧಾನ್! ವಿಶ್ರಾಮ್ ಅನ್ನವ್ರು ಯಾರೂ ಇಲ್ಲ."

ಡಾಕ್ಟರು ಬೆರಗಾದರು. "ಅದಽ ನೋಡ್ರಿ. ಹೊಸಾ ಗುಳಿಗಿ ಬಂದದ, ಸೀಟಿ ಸಪ್ಪಳನಽ ಆಗಗೊಡಂಗಿಲ್ಲ. ಕಿವಿಗೇ ಹತ್ತಿ ಇಡೋ ಗುಳಿಗಿ ಇನ್ನೂ ಹುಡುಕಾಕತ್ತಾರ."

ಮಾಸ್ತರರ ಹೆಂಡತಿ ಸೆರಗು ಸರಿಮಾಡಿಕೊಂಡು ಅಂದರು: "ಅದು ಇವರಿಗಿ ಬ್ಯಾಡ್ರಿ ಡಾಕ್ಟರ್ ಸಾಹೇಬ್ರ. ಇವರ ಕಿವ್ಯಾಗ ಮದುವ್ಯಾದಾಗಿಂದ ಹತ್ತಿ ಅದ."

(ಆ ಹತ್ತಿಯ ಗುಳಿಗೆ ಮುಂದೆ ಬಂತು. ಈಗ ದಿನಾ ಬೆಳಗ್ಗೆ ನಾನೇ ನುಂಗುತ್ತೇನೆ.)

೪. ಚರಗ

ಹೊಸ ಗುಳಿಗೆಯನ್ನು ಸೊಲ್ಲಾಪುರದಿಂದ ಬಸ್ ಕಂಡಕ್ಟರನ ಕೈಯಲ್ಲಿ ತರಿಸಿದೆ. ಡಬ್ಬಿಯಲ್ಲಿದ್ದ ಚೀಟಿ ಓದಿದೆ: ಕೆಲವರಿಗೆ ನಾಲಿಗೆಯ ರುಚಿ ಹೋಗಬಹುದು. ಹೇಳಿದರೆ ಈ ಮನುಷ್ಯ ಗುಳಿಗೆಯನ್ನೇ ಬಿಟ್ಟಾರು ಅಂತ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಹೊಲದ ಪೂಜೆಯ ಹಬ್ಬ, ಎಳ್ಳಮಾಸಿ ಬಂತು. ಮುಡಬಿಯಲ್ಲಿ ಮಾಸ್ತರರ ಹೊಲ; ಅವರ ಬೀಗರಿಗೂ ನಮಗೂ ಊಟಕ್ಕೆ ಕರೆ. ಅವರ ಹೆಂಡತಿ ಎರಡು ಮಡಕೆ ಭಜ್ಜಿ ತಂದಿದ್ದರು, ಕಾಳು ಸೊಪ್ಪು ಎಲ್ಲಾ ಹಾಕಿ ಕುದಿಸಿದ್ದು. ದೊಡ್ಡದು ಮಂದಿಗೆ, ಸಣ್ಣದು ಉಪ್ಪಿಲ್ಲದ್ದು, ಮಾಸ್ತರರಿಗೆ. ಪೂಜೆಯಾಗಿ, ಚರಗ ಚೆಲ್ಲುತ್ತ, ಅಂದರೆ ಪೈರಿಗೆ ಎಡೆ ಎರಚುತ್ತ, ಎಲ್ಲರೂ ಹೊಲ ಸುತ್ತಲು ಹೋದೆವು. "ನನ್ನ ಕಾಲು ಬಾತಾವ, ನೀವು ಹೋಗಿ ಬರ್ರಿ," ಅಂತ ಮಾಸ್ತರರು ಬನ್ನಿಗಿಡದ ಕೆಳಗೇ ಕುಳಿತರು.

ಅರ್ಧ ಹೊಲ ಸುತ್ತಿದ್ದೆವೋ ಇಲ್ಲವೋ, ಅವರ ಗರ್ಜನೆ ಕೇಳಿತು. ಓಡಿ ಬಂದೆವು.

"ಮರ್ಯಾದಿ ತಗದಿ! ಬೀಗರು ಬಂದಾರ, ಭಜ್ಜಿಗಿ ಒಂದು ಹರಳು ಉಪ್ಪು ಹಾಕಿಲ್ಲ!"

ಹೆಂಡತಿ ದೊಡ್ಡ ಮಡಕೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡರು. ಬೀಗರೂ ನೋಡಿದರು, ನಾನೂ ನೋಡಿದೆ. ಉಪ್ಪು ಹದವಾಗಿತ್ತು.

"ಉಪ್ಪು ಅದ," ಅಂದರು ಅವರು ಮೆಲ್ಲಗೆ. "ಇದರಾಗ ಇಲ್ಲಂತ ನಿಮಗ ಹ್ಯಾಂಗ ತಿಳೀತು?"

"ವಾಸನಿಮ್ಯಾಲ," ಅಂದರು ಮಾಸ್ತರರು. ಮೀಸೆಯ ತುಂಬ ಭಜ್ಜಿ.

ಎರಡು ವರ್ಷ ಬಿ.ಪಿ. ಯಾಕೆ ಇಳಿಯಲಿಲ್ಲ ಅನ್ನೋದು ಆಗ ತಿಳಿಯಿತು. ಹಬ್ಬ, ಮದುವೆ, ತೊಟ್ಟಿಲು, ಒಂದನ್ನೂ ಬಿಡದೆ ಕದ್ದು ತಿಂದಿದ್ದರು. ನಾನು ಜೇಬಿನ ಚೀಟಿ ತೆಗೆದು ಓದಿದೆ. ಮಾಸ್ತರರು ಕಿಡಿಯಾದರು. "ನಾಲಿಗಿ ಕಸಗೊಂಡ್ರೇನು? ಇವತ್ತಿಂದ ಈ ಗುಳಿಗಿ ಬಂದ್!"

ಹೆಂಡತಿ ಮೂರು ಕಲ್ಲಿನ ಆರಿದ ಒಲೆಯ ಮುಂದೆ ಕುಳಿತರು. ಒಲೆಯ ಒಂದು ಕಲ್ಲನ್ನು ಕೈಗೆತ್ತಿಕೊಂಡು, ಇನ್ನೊಂದು ಕೈ ನೆಲಕ್ಕೆ ಊರಿದರು. "ಬಿಡ್ರಿ. ನಿಮ್ಮ ಅಣ್ಣನ ಹಾದಿ ಹಿಡೀರಿ. ಹೆಂಗೂ ಮಂದಿ ಕೂಡ್ಯಾರ, ನಾ ಕೈಯಾನ ಬಳಿ ಇಲ್ಲೇ ಒಡಕೋತೀನಿ. ಮತ್ತೊಮ್ಮೆ ಎಲ್ಲಾರಿಗೂ ಬಸ್ಸಿನ ತ್ರಾಸು ಯಾಕ?"

ಮಾಸ್ತರರು ಹೆಂಡತಿಯ ಕೈಯಿಂದ ಕಲ್ಲು ಬಿಡಿಸಿ ಒಲೆಗೆ ಇಟ್ಟರು. ಮೀಸೆ ಒರೆಸಿಕೊಂಡರು. ಸಣ್ಣ ಮಡಕೆಯನ್ನು ಮುಂದಕ್ಕೆ ಎಳೆದುಕೊಂಡು, ಬೀಗರ ಕಡೆ ತಿರುಗಿ ಅಂದರು:

"ಕಳ್ಳ ಹೌದ್ರಿ, ಇಲ್ಲನ್ನಂಗಿಲ್ಲ. ಆದ್ರ ರುಚಿ ಹತ್ತಲಾರದ್ದನ್ನ ಕದ್ದು ತಿನ್ನೋ ಅಂಥಾ ಹಲ್ಕಾ ಕಳ್ಳ ನಾ ಅಲ್ಲ!"

ಗುಳಿಗೆ ಬಿಡಲಿಲ್ಲ, ಉಪ್ಪು ಅವತ್ತಿಗೇ ಬಿಟ್ಟರು. ಮುಂದೆ ಹನ್ನೊಂದು ವರ್ಷ ಬದುಕಿದರು. ಆ ಎಳ್ಳಮಾಸಿ ೧೯೮೭ನೇ ಇಸವಿ, ಡಿಸೆಂಬರ್ ಇಪ್ಪತ್ತು, ಭಾನುವಾರ.