ಪತ್ತೇದಾರ ಜರ್ವಾಲನೂ ಮಾಂಸವಿಲ್ಲದ ಮಡಕೆಯೂ

ಶುಕ್ರವಾರ ಮಧ್ಯಾಹ್ನ ಮರ್ರಾಕೆಶ್‌ನ ಹಮ್ಮಾಮಿನ, ಅಂದರೆ ಊರ ಸ್ನಾನದ ಮನೆಯ, ಒಲೆಮನೆಯಲ್ಲಿ ಒಂದು ಮಡಕೆಯ ಬಾಯಿ ಬಿಚ್ಚಿದರು, ಜರ್ವಾಲನ ಗ್ರಹಚಾರ ಕೆಟ್ಟಿತು.

ಮಡಕೆ ಲಹಬೀಬ, ಜಿಲಾಲಿ, ಅಯ್ಯಾದ ಎಂಬ ಚಪ್ಪಲಿ ಹೊಲಿಯುವ ಮೂವರು ಗೆಳೆಯರದು. ಊರ ಗಂಡಸರೆಲ್ಲ ಮಾಡುವಂತೆ ಅವರೂ ಬೆಳಿಗ್ಗೆ ಮಾಂಸ ಬೇಯಿಸುವ ತಾಂಜಿಯಾ ಮಡಕೆಯ ಬಾಯಿಗೆ ಕಾಗದ ಕಟ್ಟಿ, ಸ್ನಾನದ ನೀರು ಕಾಯುವ ಒಲೆಯ ಬಿಸಿಬೂದಿಯಲ್ಲಿ ಹೂಳಲು ಕೊಟ್ಟು ಹೋಗಿದ್ದರು. ಆಲಿವ್ ತೋಪಿನಲ್ಲಿ ಕೂತು ಉಣ್ಣುವ ಹುಮ್ಮಸ್ಸಿನಲ್ಲಿ ಬಂದು ನೋಡಿದರೆ ಒಳಗೆ ಉಪ್ಪುನಿಂಬೆ, ಬೆಳ್ಳುಳ್ಳಿ, ಕೇಸರಿ ಬಣ್ಣದ ರಸ. ಮಾಂಸ ಮಾತ್ರ ಹೇಳದೆ ಕೇಳದೆ ಊರು ಬಿಟ್ಟ ಹಾಗಿತ್ತು.

"ಮಹಜೂಬಜ್ಜ, ಮಾಂಸ ಎಲ್ಲಿ?" ಎಂದ ಮೂವರಲ್ಲಿ ಹಿರಿಯನಾದ ಲಹಬೀಬ.

ಒಲೆ ಕಾಯುವ ಮಹಜೂಬಜ್ಜ ಮಡಕೆಯೊಳಗೆ ಇಣುಕಿದ. "ಮೂವತ್ತು ವರ್ಷದಿಂದ ಬೂದಿ ಕೆದಕ್ತಿದೀನಿ ಕಣಪ್ಪ. ಒಂದು ಮೂಳೆ ಕಳೆದಿಲ್ಲ."

"ಹಾಗಾದ್ರೆ ಅಗೋ, ಅಲ್ಲಿ ಮೀಸೆ ನೆಕ್ಕೋತಾ ಕೂತಿದಾನಲ್ಲ, ಅವನನ್ನ ಕೇಳು."

ಬೂದಿಗುಡ್ಡೆಯ ಮೇಲೆ ಬೆಚ್ಚಗೆ ಕೂತಿದ್ದ ನೀಲಿಗಣ್ಣಿನ ಬೆಕ್ಕು ಜರ್ವಾಲನ ನಾಲಿಗೆ ಅರ್ಧದಲ್ಲೇ ನಿಂತಿತು. ಓಣಿಯ ಪ್ರಾಣಿಗಳಿಗೆಲ್ಲ ಅವನು ಪತ್ತೇದಾರ. ಕಳೆದ ವಾರವಷ್ಟೇ ಕಾಣೆಯಾದ ಕೋಳಿಮರಿಯೊಂದನ್ನು ಅದರ ತಾಯಿಯ ರೆಕ್ಕೆಯ ಕೆಳಗೇ ಪತ್ತೆ ಮಾಡಿದ್ದ. ಅಂಥವನ ಮೇಲೆ ಕಳ್ಳತನದ ಆರೋಪ.

"ಸಂಜೆ ಬಾಂಗು ಕೂಗೋದ್ರೊಳಗೆ ಜಾಗ ಖಾಲಿ ಮಾಡು," ಎಂದ ಅಜ್ಜ, ಮುಖ ಆಚೆ ತಿರುಗಿಸಿ.

ಹೊರಗೆ ಹಿಮದ ಬೆಟ್ಟದಿಂದ ಇಳಿದ ಗಾಳಿ ಮೂಗು ಕೊಯ್ಯುತ್ತಿತ್ತು. ಈ ಬೂದಿ ಬಿಟ್ಟರೆ ಜರ್ವಾಲನಿಗೆ ಗತಿಯಿರಲಿಲ್ಲ. ಮಡಕೆಗೆ ಮೂಗು ತೂರಿಸಿ ಮೂಸಿದ. ಬೆನ್ನ ಮೇಲೊಂದು ಏಟು ತಿಂದು, ಒಲೆಗೆ ಹೊಟ್ಟು ಹೊತ್ತು ತಂದಿದ್ದ ಕತ್ತೆ ಹಮೂದನ ಹತ್ತಿರ ಓಡಿದ.

"ಕೊಬ್ಬಿನ ವಾಸನೆಯೇ ಇಲ್ಲ ಕಣೋ. ಮಾಂಸ ಆ ಮಡಕೆ ಒಳಗೆ ಹೋಗೇ ಇಲ್ಲ."

"ಅವರಿಗೆ ಹೇಳು ಮತ್ತೆ."

"ಹೇಳಿದೆ. ಅವರಿಗೆ ಮಿಯಾಂವ್ ಅಂತ ಕೇಳಿಸ್ತು."

ಹಮೂದನ ಬೆನ್ನೇರಿ ಚಪ್ಪಲಿ ಬೀದಿಗೆ ಹೋದ. ಮುಚ್ಚಿದ್ದ ಆ ಮೂವರ ಅಂಗಡಿಯ ಬಾಗಿಲ ಸಂದಿಯಲ್ಲಿ ನುಸುಳಿದರೆ, ಹಳದಿ ಚಪ್ಪಲಿಗಳ ಸಾಲಿನ ನಡುವೆ, ಮೊಳೆಯಲ್ಲಿ, ಮಾಂಸದ ಪೊಟ್ಟಣ ತಣ್ಣಗೆ ನೇತಾಡುತ್ತಿತ್ತು.

"ಪೊಟ್ಟಣಕ್ಕೆ ಲಹಬೀಬನ ಕೈವಾಸನೆ, ಮಡಕೆಗೆ ಉಳಿದಿಬ್ಬರದು. ಲಹಬೀಬ ತಂದು ನೇತುಹಾಕಿದ, ಜಿಲಾಲಿ ಮಸಾಲೆ ಹಾಕಿದ, ಅಯ್ಯಾದ ಬಾಯಿ ಕಟ್ಟಿದ. ಮಾಂಸ ಇನ್ನೊಬ್ಬ ಹಾಕಿರ್ತಾನೆ ಅಂತ ಮೂರೂ ಜನ ಸುಮ್ಮನಾದ್ರು," ಎಂದ ಜರ್ವಾಲ್, ಪೊಟ್ಟಣ ಎಳೆದು ಹೊರತಂದು.

"ಹೇಗೂ ಬೈಸಿಕೊಂಡಾಗಿದೆ. ತಿಂದ್ಬಿಡು," ಎಂದ ಹಮೂದ.

"ಸಾಕ್ಷಿ ತಿನ್ನೋ ಪತ್ತೇದಾರ ಎಲ್ಲಾದ್ರೂ ಉಂಟೇನೋ?" ಎಂದ ಜರ್ವಾಲ್, ಸುರಿಯುವ ಜೊಲ್ಲು ನುಂಗುತ್ತ.

ವಾಪಸ್ಸು ಬರುವಾಗ ಕಬಾಬಿನ ಅಂಗಡಿಯ ನಾಯಿ ಬೆನ್ನಟ್ಟಿತು. ಅದನ್ನು ಓಡಿಸಲು ಹಮೂದ ಹಿಂದೆಯೇ ನಿಂತ. ಜರ್ವಾಲ್ ಹೆಣ್ಣುಮಕ್ಕಳ ಕಾಲ ಸಂದಿಯಲ್ಲಿ ನುಸುಳಿ, ಪುದೀನಾ ರಾಶಿಯ ಮೇಲೆ ಹಾರಿ, ಬಾಂಗಿಗೆ ಇನ್ನೇನು ಗಳಿಗೆಯಿದೆ ಎನ್ನುವಾಗ ಪೊಟ್ಟಣವನ್ನು ಲಹಬೀಬನ ಕಾಲ ಬಳಿ ಇಟ್ಟು ಎದೆಯುಬ್ಬಿಸಿ ಕೂತ.

ಜಿಲಾಲಿ ಬಿಚ್ಚಿ ನೋಡಿದ. "ಹಸಿಯಾಗೇ ಇದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವರಿಗೂ ಎಲ್ಲ ಹೊಳೆಯಿತು.

ಕೊನೆಗೆ ಅಯ್ಯಾದ ಗಂಟಲು ಸರಿಮಾಡಿಕೊಂಡ. "ಬೂದಿಗೆ ಇಡೋ ಮೊದಲೇ ಕದ್ದಿದಾನೆ. ಈಗ ಮನಸ್ಸು ಚುಚ್ಚಿ ವಾಪಸ್ ತಂದಿದಾನೆ."

"ಪಶ್ಚಾತ್ತಾಪ ಅಂದ್ರೆ ಇದು," ಎಂದ ಜಿಲಾಲಿ, ಬಹಳ ನೆಮ್ಮದಿಯಿಂದ.

ಮಹಜೂಬಜ್ಜನ ಕಣ್ಣು ಒದ್ದೆಯಾಯಿತು. "ಕದ್ದರೂ ಒಂದು ಚೂರು ಕಚ್ಚಿಲ್ಲ ನೋಡ್ರಪ್ಪ. ಇಲ್ಲೇ ಇರಲಿ, ಪಾಪ."

ಜರ್ವಾಲ್ ಬೂದಿಗುಡ್ಡೆಯ ಕಡೆ ಹೆಜ್ಜೆಯಿಟ್ಟ. ಲಹಬೀಬ ಅವನನ್ನು ಕತ್ತಿನ ಚರ್ಮ ಹಿಡಿದೆತ್ತಿದ. "ಇರಲಿ, ಯಾರು ಬೇಡ ಅಂದ್ರು? ಆದ್ರೆ ತಪ್ಪು ಒಪ್ಕೊಂಡವನು ಮೊದಲು ಮೈ ತೊಳ್ಕೊಬೇಕು. ಹಮ್ಮಾಮು ಗೋಡೆ ಆಚೆಗೇ ಇದೆ."

ಮೈ ತಿಕ್ಕುವವನು ಕೈಗೆ ಒರಟು ಚೀಲ ಸಿಕ್ಕಿಸಿಕೊಂಡು, ಕರಿ ಸಾಬೂನು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ. ಆಗ ಹಮೂದ ಏದುಸಿರು ಬಿಡುತ್ತ ಬಂದ.

"ಕೇಸು ಗೆದ್ಯೇನೋ?"

"ಗೆದ್ದೆ."

"ನೀನು ಕಳ್ಳ ಅಲ್ಲ ಅಂತ ಒಪ್ಕೊಂಡ್ರಾ?"

"ಇಲ್ಲ," ಎಂದ ಜರ್ವಾಲ್. "ಕ್ಷಮಿಸಿದ್ರು."

ಬಾಗಿಲು ಮುಚ್ಚಿತು. ಒಳಗಿನ ಹಬೆಯಿಂದ ಮಹಜೂಬಜ್ಜನ ದನಿ ಕೇಳಿಸಿತು: "ಮೆತ್ತಗೆ ತಿಕ್ಕಪ್ಪ. ಇನ್ಮೇಲೆ ಪ್ರತಿ ಗುರುವಾರ ಕರ್ಕೊಂಡ್ ಬರ್ತೀನಿ."